ಲೈಬೀರಿಯಾದ ಠಾಣೆ, ಖಜಾನೆ, ನ್ಯಾಯಾಲಯ

ಆತ್ಮೀಯರೇ,

2007ರ ಜನವರಿಯಲ್ಲಿ ನಮ್ಮ ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ನೂರಕ್ಕೂ ಹೆಚ್ಚು ಮಹಿಳೆಯರು ಪಶ್ಚಿಮ ಆಫ್ರಿಕಾದ ಲೈಬೀರಿಯಾಕ್ಕೆ ಹೋಗಿಳಿದರು. ಮುಂದಾಳು ಸೀಮಾ ಧುಂಡಿಯಾ. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಮಹಿಳೆಯರದೇ ಆದ ಮೊದಲ ಪೊಲೀಸ್ ದಳ ಅದು. ಒಂದು ತಂಡ ಮರಳಿದರೆ ಮತ್ತೊಂದು ಹೋಗುತ್ತ, 2016ರವರೆಗೆ ರಾಜಧಾನಿ ಮನ್ರೋವಿಯಾದಲ್ಲಿ ಅವರು ರಾತ್ರಿ ಗಸ್ತು ತಿರುಗಿದರು, ಅಧ್ಯಕ್ಷೆಯ ಕಚೇರಿಗೆ ಕಾವಲಿದ್ದರು. ನಮ್ಮಲ್ಲಿ ಇದನ್ನು ಹೆಮ್ಮೆಯಿಂದ ಹೇಳಿ ಅಲ್ಲಿಗೇ ನಿಲ್ಲಿಸುವುದುಂಟು. ಒಂದು ದೇಶ ತನ್ನ ಬೀದಿಗಳ ಕಾವಲಿಗೆ ಸಾವಿರಾರು ಮೈಲಿ ದೂರದವರನ್ನು ನೆಚ್ಚಬೇಕಾಗಿ ಬಂದದ್ದು ಹೇಗೆ, ಅವರೆಲ್ಲ ಹೊರಟುಹೋದ ಮೇಲೆ ಅಲ್ಲಿ ಉಳಿದದ್ದೇನು ಎಂಬುದೇ ನನ್ನನ್ನು ಕಾಡುವ ಪ್ರಶ್ನೆ.

1989ರಿಂದ 2003ರವರೆಗೆ, ನಡುವೆ ಅಲ್ಪ ಬಿಡುವು ಬಿಟ್ಟರೆ, ಅಲ್ಲಿ ಅಂತರ್ಯುದ್ಧ. ಸತ್ತವರು ಎರಡೂವರೆ ಲಕ್ಷದವರೆಗೆ ಇರಬಹುದೆಂಬ ಅಂದಾಜಿದೆ. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತೇವಲ್ಲ, ಅದು ಅಲ್ಲಿ ಅಕ್ಷರಶಃ ನಡೆಯಿತು. ಬಂಡುಕೋರರಷ್ಟೇ ಅಲ್ಲ, ಸರ್ಕಾರದ ಪಡೆಗಳೂ ಕೊಂದವು, ಸುಲಿದವು, ಹೆಂಗಸರ ಮೇಲೆ ಎರಗಿದವು.

ಇಂಥ ಕಥೆಗಳನ್ನು ಸಾಮಾನ್ಯವಾಗಿ ಭದ್ರತಾ ಮಂಡಳಿಯ ನಿರ್ಣಯದಿಂದ ಶುರುಮಾಡುತ್ತಾರೆ. ಅದು ನ್ಯಾಯವಲ್ಲ. 2003ರಲ್ಲಿ ಬಿಳಿ ಬಟ್ಟೆ ಉಟ್ಟ ಕ್ರೈಸ್ತ, ಮುಸ್ಲಿಂ ಹೆಣ್ಣುಮಕ್ಕಳು ಮನ್ರೋವಿಯಾದ ಮೀನು ಮಾರುಕಟ್ಟೆಯ ಬಳಿ ಬಿಸಿಲು ಮಳೆಯೆನ್ನದೆ ದಿನಗಟ್ಟಲೆ ಕೂತರು. ಘಾನಾದ ಅಕ್ರಾದಲ್ಲಿ ಕಾದಾಡುವ ಬಣಗಳ ಶಾಂತಿ ಮಾತುಕತೆ ಎಳೆದಾಡಿದಾಗ ಲೇಮಾ ಬೋವಿಯವರ ಮುಂದಾಳುತನದಲ್ಲಿ ಸಭಾಂಗಣದ ಬಾಗಿಲಿಗೇ ಅಡ್ಡ ಕೂತು, ಒಪ್ಪಂದವಾಗದೆ ಯಾರನ್ನೂ ಹೊರಬಿಡುವುದಿಲ್ಲ ಎಂದರು. ಆಗಸ್ಟ್‌ನಲ್ಲಿ ಒಪ್ಪಂದವಾಯಿತು. ಹದಿನೈದು ಸಾವಿರದವರೆಗೆ ಸೈನಿಕರನ್ನು ಕಳಿಸುವ ನಿರ್ಣಯ ಬಂದದ್ದು ಅದರ ನಂತರ, ಸೆಪ್ಟೆಂಬರ್‌ನಲ್ಲಿ.

ಹೊರಗಿನ ನೆರವು ಮೊದಲು ಮುಟ್ಟಿದ್ದು ಬಂದೂಕನ್ನು. ಹಳೆಯ ಸೇನೆಯನ್ನು ವಿಸರ್ಜಿಸಿ, ಅಮೆರಿಕದ ಖಾಸಗಿ ಕಂಪನಿಯೊಂದರ ಮೂಲಕ ಸುಮಾರು ಎರಡು ಸಾವಿರ ಜನರ ಹೊಸ ಸೇನೆಯನ್ನು ಕಟ್ಟಲಾಯಿತು. ಅದರಲ್ಲಿ ನನಗೆ ಬಹಳ ಮೆಚ್ಚುಗೆಯಾದ ಕ್ರಮವೊಂದಿದೆ: ಸೇರಬಯಸಿದವರ ಭಾವಚಿತ್ರಗಳನ್ನು ಬಹಿರಂಗವಾಗಿ ಪ್ರಕಟಿಸಿ, ಇವರಲ್ಲಿ ಯಾರಾದರೂ ನಿಮಗೆ ಅನ್ಯಾಯ ಮಾಡಿದ್ದರೆ ತಿಳಿಸಿ ಎಂದು ಜನರನ್ನು ಕೇಳಿದರು. ಬಂದೂಕು ಕೊಡುವ ಮೊದಲು ಬಡವರ ಮಾತು ಕೇಳುವುದು ಎಷ್ಟು ದೇಶಗಳಲ್ಲಿ ಉಂಟು?

ಆಮೇಲೆ ಖಜಾನೆ. ಸೋರಿಕೆ ಕಂಡು ದಾನಿಗಳು ಬೇಸತ್ತರು. 2005ರ ಒಪ್ಪಂದದಂತೆ ಬಂದರು, ವಿಮಾನ ನಿಲ್ದಾಣದಂಥ ಸಂಸ್ಥೆಗಳಲ್ಲಿ ಮುಖ್ಯ ಖರ್ಚಿಗೆ ಲೈಬೀರಿಯಾದ ಅಧಿಕಾರಿಯ ಜೊತೆಗೆ ವಿದೇಶಿ ತಜ್ಞನ ಸಹಿಯೂ ಬೇಕಾಯಿತು. ಒಂದೇ ಪೆಟ್ಟಿಗೆಗೆ ಎರಡು ಬೀಗ, ಒಂದರ ಕೀಲಿಕೈ ಪರರ ಸೊಂಟದಲ್ಲಿ. ಸ್ವಾಭಿಮಾನಕ್ಕೆ ಇದು ಪೆಟ್ಟು ಎಂದವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಬರಿದಾದ ಪೆಟ್ಟಿಗೆಯಿಂದ ಸಂಬಳ ಸಿಗದ ಪೇದೆ ರಸ್ತೆಯಲ್ಲಿ ಕೈಚಾಚುತ್ತಾನೆ. ಕಾಸಿಲ್ಲದ ಹೆಂಗಸು ದೂರು ಕೊಡಲು ಠಾಣೆಯ ಹೊಸ್ತಿಲನ್ನೇ ತುಳಿಯುವುದಿಲ್ಲ. ಹಣಕಾಸಿನ ಶಿಸ್ತು, ಪೊಲೀಸ್ ಸುಧಾರಣೆ, ಮಾನವ ಹಕ್ಕು ಎಂದು ಬೇರೆ ಬೇರೆ ಕಡತ ಮಾಡುವುದು ಕಚೇರಿಗಳ ಅನುಕೂಲಕ್ಕೆ. ಅವಳ ಪಾಲಿಗೆ ಅವೆಲ್ಲ ಒಂದೇ.

ನಮ್ಮ ಮಹಿಳಾ ದಳದ ಮಾತಿಗೆ ಮರಳುತ್ತೇನೆ. ಲೈಬೀರಿಯಾ ಪೊಲೀಸರಲ್ಲಿ ನೂರಕ್ಕೆ ಆರರಷ್ಟಿದ್ದ ಮಹಿಳೆಯರು ಈ ಅವಧಿಯಲ್ಲಿ ಹದಿನೇಳರಷ್ಟಾದರು. ಅದೆಲ್ಲ ನಮ್ಮವರಿಂದಲೇ ಎಂದರೆ ಅತಿಶಯೋಕ್ತಿ. ಯುದ್ಧದಲ್ಲಿ ಶಾಲೆ ಬಿಟ್ಟಿದ್ದ ಯುವತಿಯರಿಗೆ ಪ್ರೌಢಶಿಕ್ಷಣ ಮುಗಿಸಲು ವಿಶೇಷ ತರಗತಿ ನಡೆಸಿ ಅವರನ್ನು ಪಡೆಗೆ ಸೇರಿಸಿಕೊಂಡರು. ಅದರ ಪಾಲು ದೊಡ್ಡದು. ಆದರೂ ದಿನವೂ ಬೀದಿಯಲ್ಲಿ ಸಮವಸ್ತ್ರ ತೊಟ್ಟ ಹೆಣ್ಣನ್ನು ಕಂಡವರ ಮನಸ್ಸಿನಲ್ಲಿ ಏನೋ ಕದಲಿತು ಎಂದು ನಾನು ನಂಬುತ್ತೇನೆ. ಅತ್ಯಾಚಾರದ ವಿರುದ್ಧ ಬಿಗಿ ಕಾನೂನು ಬಂತು, 2008ರಲ್ಲಿ ಪ್ರತ್ಯೇಕ ನ್ಯಾಯಾಲಯವೂ ಬಂತು. ಶಿಕ್ಷೆಯಾದವರು ಮಾತ್ರ ಕಡಿಮೆ.

2014ರ ಆಗಸ್ಟ್‌ನಲ್ಲಿ ಎಬೋಲಾ ಭಯದಿಂದ ವೆಸ್ಟ್ ಪಾಯಿಂಟ್ ಎಂಬ ಬಡವರ ಬಡಾವಣೆಗೆ ದಿಗ್ಬಂಧನ ಹಾಕಿದರು. ಪ್ರತಿಭಟಿಸಿದ ಜನರ ಮೇಲೆ ಆ ಹೊಸ ಸೇನೆಯೇ ಗುಂಡು ಹಾರಿಸಿತು; ಹದಿನೈದರ ಹುಡುಗನೊಬ್ಬ ಸತ್ತ. ಅಷ್ಟು ಸೋಸಿ ಆರಿಸಿದ ಸೇನೆ. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಇನ್ನು ನ್ಯಾಯ. ಸತ್ಯ ಮತ್ತು ಸಂಧಾನ ಆಯೋಗ ಸಾವಿರಾರು ಜನರ ಅಳಲು ದಾಖಲಿಸಿ, ಯುದ್ಧಾಪರಾಧಗಳಿಗೆ ವಿಶೇಷ ನ್ಯಾಯಾಲಯ ಬೇಕೆಂದು 2009ರಲ್ಲಿ ಶಿಫಾರಸು ಮಾಡಿತು. ವರದಿ ಕಪಾಟು ಸೇರಿತು. ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ ಐವತ್ತು ವರ್ಷ ಶಿಕ್ಷೆಯಾದದ್ದು ನೆರೆಯ ಸಿಯೆರಾ ಲಿಯೋನ್‌ನ ಅಪರಾಧಗಳಿಗೆ, ತನ್ನ ಜನರಿಗೆ ಮಾಡಿದ್ದಕ್ಕಲ್ಲ. 2021ರಲ್ಲಿ ಫಿನ್ಲೆಂಡಿನ ನ್ಯಾಯಾಲಯವೊಂದು, ತನ್ನ ದೇಶದಲ್ಲಿ ನೆಲೆಸಿದ್ದ ಆರೋಪಿಯ ವಿಚಾರಣೆಗಾಗಿ, ಲೈಬೀರಿಯಾಕ್ಕೇ ಬಂದು ಸಾಕ್ಷಿಗಳನ್ನು ಕೇಳಿತು. ವಿಶ್ವಸಂಸ್ಥೆಯ ಪಡೆ 2018ರಲ್ಲೇ ಹೊರಟುಹೋಗಿತ್ತು. ಸ್ವಂತ ನ್ಯಾಯಾಲಯದ ಸಿದ್ಧತೆಗೆ ಕಚೇರಿ ತೆರೆಯುವ ಆದೇಶಕ್ಕೆ ಅಧ್ಯಕ್ಷರ ಸಹಿ ಬಿದ್ದದ್ದು 2024ರ ಮೇ ತಿಂಗಳಲ್ಲಿ. ಅದೇ ನವೆಂಬರ್‌ನಲ್ಲಿ ಪ್ರಿನ್ಸ್ ಜಾನ್ಸನ್ ತೀರಿಕೊಂಡರು. 1990ರಲ್ಲಿ ಅಧ್ಯಕ್ಷ ಸ್ಯಾಮ್ಯುಯೆಲ್ ಡೋ ಅವರನ್ನು ಹಿಂಸಿಸುವುದನ್ನು ಬಿಯರ್ ಕುಡಿಯುತ್ತ ನೋಡಿದ, ಕ್ಯಾಮೆರಾ ಮುಂದೆಯೇ ನೋಡಿದ ಬಂಡುಕೋರ ನಾಯಕ. ಸಾಯುವಾಗ ಅವರು ಲೈಬೀರಿಯಾದ ಸೆನೆಟ್ ಸದಸ್ಯರಾಗಿದ್ದರು. ಯಾವ ನ್ಯಾಯಾಲಯವೂ ಆ ಕೃತ್ಯಕ್ಕೆ ಅವರನ್ನು ಕಟಕಟೆಗೆ ಕರೆದಿರಲಿಲ್ಲ.