ಹಳೆಯ ಕಾರನ್ನು ಪೂರ್ತಿ ಬಿಚ್ಚುವ ಮೊದಲು

ಕೇಳುಗರಿಗೆ ನಮಸ್ಕಾರ.

ಹಳೆಯ ಕಾರುಗಳ ಮಾರಾಟದ ಜಾಹೀರಾತುಗಳಲ್ಲಿ ಒಂದು ಬಗೆಯ ಗಾಡಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಬಣ್ಣ ಕೆರೆದ ಬಾಡಿ ಒಂದು ಕಡೆ, ಎಂಜಿನ್ ಇನ್ನೊಂದು ಕಡೆ, ಉಳಿದದ್ದೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ. ‘ಮುಕ್ಕಾಲು ಕೆಲಸ ಮುಗಿದಿದೆ, ಜೋಡಿಸಿಕೊಂಡರೆ ಆಯಿತು’ ಎಂದು ಮಾರುವವರು ಬರೆದಿರುತ್ತಾರೆ. ಆ ಮಾತನ್ನು ನಂಬಬೇಡಿ. ಬಿಚ್ಚುವುದಕ್ಕೆ ಉತ್ಸಾಹವೊಂದಿದ್ದರೆ ಸಾಕು. ಜೋಡಿಸುವುದಕ್ಕೆ ನೆನಪು, ತಾಳ್ಮೆ, ದುಡ್ಡು ಮೂರೂ ಬೇಕು. ಈ ಮೂರರಲ್ಲಿ ಯಾವುದೋ ಒಂದು ತೀರಿಹೋದದ್ದರಿಂದಲೇ ಆ ಕಾರು ಮಾರಾಟಕ್ಕೆ ಬಂದಿರುತ್ತದೆ.

ಮನೆಯಲ್ಲೇ ಹಳೆಯ ಕಾರನ್ನು ಸರಿಪಡಿಸಲು ಹೊರಟವರಿಗೆ ನನ್ನ ಸಲಹೆ ಇಷ್ಟೇ: ಅದನ್ನು ಪೂರ್ತಿ ಬಿಚ್ಚಬೇಡಿ. ಕಾರು ತನ್ನ ನಾಲ್ಕು ಚಕ್ರಗಳ ಮೇಲೆ ನಿಂತಿರಲಿ. ಒಂದು ಭಾಗವನ್ನು ಎತ್ತಿಕೊಳ್ಳಿ, ಮುಗಿಸಿ, ಪರೀಕ್ಷಿಸಿ, ಆಮೇಲೆ ಮುಂದಿನದಕ್ಕೆ ಕೈಹಾಕಿ. ಪ್ರದರ್ಶನಕ್ಕೆ ಕಾರು ಸಿದ್ಧಪಡಿಸುವ ದೊಡ್ಡ ವರ್ಕ್‌ಶಾಪುಗಳು ಕೊನೆಯ ಬೋಲ್ಟಿನವರೆಗೂ ಬಿಚ್ಚುತ್ತವೆ, ನಿಜ. ಅವರಿಗೆ ಜಾಗವಿದೆ, ಲಿಫ್ಟ್ ಇದೆ, ಸಂಬಳಕ್ಕೆ ಅದೇ ಕೆಲಸ ಮಾಡುವ ಜನರಿದ್ದಾರೆ. ರಜೆಯ ದಿನ ಮಾತ್ರ ಕೈಗೆ ಗ್ರೀಸು ಹತ್ತಿಸಿಕೊಳ್ಳುವವರ ಲೆಕ್ಕವೇ ಬೇರೆ. ಬಿಚ್ಚಿದ ಕ್ಲಿಪ್ಪು ಎಲ್ಲಿಯದೆಂದು ಆರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಬಿಚ್ಚುವ ಮೊದಲು ಫೋಟೊ ತೆಗೆಯಿರಿ, ಬಿಚ್ಚಿದ ಮೇಲೆ ಆ ಜಾಗದ ನಟ್ಟು ಬೋಲ್ಟುಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿ ಹೆಸರು ಬರೆಯಿರಿ.

ಇದಕ್ಕೊಂದು ಅಪವಾದವಿದೆ, ಅದೇ ತುಕ್ಕು. ಕಾರಿನ ಬೆನ್ನೆಲುಬೇ ತುಕ್ಕು ತಿಂದಿದ್ದರೆ ಬಿಚ್ಚದೆ ಗತಿಯಿಲ್ಲ. ಅದನ್ನು ಕೊಳ್ಳುವ ಮೊದಲೇ ತಿಳಿದುಕೊಳ್ಳಬೇಕು.

ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಿಗ್ಗುತ್ತದೆ. ಎರಡು ತಗಡುಗಳು ಸೇರುವ ಜಾಗದಲ್ಲಿ ತುಕ್ಕು ಹುಟ್ಟಿದರೆ ಅವೆರಡನ್ನೂ ದೂಡಿ ಅಗಲಿಸುತ್ತದೆ. ಬಿರುಕಿಗೆ ಇನ್ನಷ್ಟು ನೀರು ಇಳಿಯುತ್ತದೆ. ಬಾಗಿಲುಗಳ ತಳದಲ್ಲಿ ನೀರು ಹೊರಹೋಗಲು ಸಣ್ಣ ರಂಧ್ರಗಳಿರುತ್ತವೆ. ಮಣ್ಣು, ಎಲೆ ಸೇರಿ ಅವು ಮುಚ್ಚಿಕೊಂಡರೆ ಬಾಗಿಲು ಒಳಗಿನಿಂದ ಕೊಳೆಯಲು ಶುರುವಾಗುತ್ತದೆ, ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಚಕ್ರದ ಕಮಾನು, ಬ್ಯಾಟರಿ ಕೂರುವ ತಟ್ಟೆ, ಮುಂದಿನ ಗಾಜಿನ ಸುತ್ತಲಿನ ಅಂಚು, ನೆಲಹಾಸಿನ ಅಡಿಯ ತಗಡು, ಇವುಗಳನ್ನೆಲ್ಲ ಬೆರಳಿನಿಂದ ಒತ್ತಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಖಣಖಣ ಎನ್ನುತ್ತದೆ, ಕೊಳೆತದ್ದರ ಸದ್ದು ಮಂಕು. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿಯ ಮೇಲೆ ಎಳೆಯಿರಿ. ಅಂಟದೆ ಜಾರಿದ ಕಡೆ ಒಳಗಿರುವುದು ಪುಟ್ಟಿ. ಲ್ಯಾಂಡ್ ರೋವರ್ ಕೊಳ್ಳುವವರಿಗೆ ಮಾತ್ರ ಈ ಪರೀಕ್ಷೆ ಉಪಯೋಗಕ್ಕೆ ಬಾರದು. ಯುದ್ಧಾನಂತರ ಉಕ್ಕಿಗೆ ರೇಷನ್ ಇದ್ದ 1948ರಲ್ಲಿ ಹುಟ್ಟಿದ ಆ ಗಾಡಿಯ ಬಾಡಿ ಅಲ್ಯೂಮಿನಿಯಂ ಮಿಶ್ರಲೋಹದ್ದು, ಅಯಸ್ಕಾಂತ ಅದಕ್ಕೆ ಅಂಟುವುದಿಲ್ಲ. ಅದರ ಚಾಸಿ, ಅಂದರೆ ಅಡಿಯ ಚೌಕಟ್ಟು, ಮತ್ತು ಎಂಜಿನ್ ಹಿಂದಿನ ಅಡ್ಡಗೋಡೆ ಉಕ್ಕಿನವು, ತುಕ್ಕನ್ನು ಅಲ್ಲಿ ಹುಡುಕಬೇಕು.

ಇನ್ನು ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಾಕಾರದ ಪಟ್ಟಿ. ಕೆಲವು ಕಾರುಗಳಿಗೆ ಪ್ರತ್ಯೇಕ ಚಾಸಿ ಇದ್ದು, ಬಾಡಿ ಅದರ ಮೇಲೆ ಕೂತಿರುತ್ತದೆ. 1948ರ ಮಾರಿಸ್ ಮೈನರ್, 1959ರ ಮಿನಿ, 1962ರ ಎಂಜಿಬಿ ಇಂಥವುಗಳಿಗೆ ಪ್ರತ್ಯೇಕ ಚಾಸಿ ಇಲ್ಲ. ಭಾರವನ್ನೆಲ್ಲ ತಗಡಿನ ಬಾಡಿಯೇ ಹೊರುತ್ತದೆ, ಅದರಲ್ಲಿ ಈ ಪಟ್ಟಿಯ ಪಾಲು ದೊಡ್ಡದು. ಎಂಜಿಬಿಯ ತೆರೆದ ಮಾದರಿಗೆ ಮೇಲೆ ಛಾವಣಿಯೂ ಇಲ್ಲದ್ದರಿಂದ ಈ ಪಟ್ಟಿಯ ಮೇಲೆ ಬೀಳುವ ಹೊರೆ ಇನ್ನೂ ಹೆಚ್ಚು. ಆಧಾರದ ಕಂಬಿಗಳನ್ನು ಬೆಸೆಯದೆ ಪಟ್ಟಿಯನ್ನು ಕತ್ತರಿಸಿದರೆ ಬಾಡಿ ನಡುವಿನಲ್ಲಿ ಕುಸಿಯುತ್ತದೆ. ಹೊಸ ಪಟ್ಟಿಯನ್ನು ಅಂದವಾಗಿ ಬೆಸುಗೆ ಹಾಕಿ ಮುಗಿಸಿದ ಮೇಲೆ ಬಾಗಿಲು ಮುಚ್ಚುವುದೇ ಇಲ್ಲ. ಬಾಗಿಲಿನ ಸುತ್ತಲ ಸಂದನ್ನು ಮೊದಲೇ ಅಳೆದು ಬರೆದಿಟ್ಟುಕೊಳ್ಳಿ, ಒಂದು ಬದಿ ಮುಗಿಯುವವರೆಗೆ ಇನ್ನೊಂದು ಬದಿಯನ್ನು ಮುಟ್ಟಬೇಡಿ.

ಬಾಡಿ ಗಟ್ಟಿಯಾಗಿದೆ ಎಂದಾದರೆ ಎಲ್ಲರ ಕೈಯೂ ನೇರ ಎಂಜಿನ್ ಕಡೆಗೆ ಹೋಗುತ್ತದೆ. ನನ್ನ ಪ್ರಕಾರ ಮೊದಲ ಸರದಿ ಬ್ರೇಕಿನದು. ಎಂಜಿನ್ ಶುರುವಾದ ಸಂತೋಷದಲ್ಲಿ ಯಾರಾದರೂ ಕಾರನ್ನು ಗೇಟಿನಾಚೆ ಓಡಿಸಿಯೇ ತೀರುತ್ತಾರೆ, ಆಗ ಅದು ನಿಲ್ಲಬೇಕು.

ಬ್ರೇಕಿನ ದ್ರವ ಸಾಮಾನ್ಯವಾಗಿ ಗ್ಲೈಕಾಲ್ ಮೂಲದ್ದು, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಅದೇ ದ್ರವಕ್ಕೆ ಇರುವ ಮಿತಿ 155 ಡಿಗ್ರಿ. ಇಳಿಜಾರಿನಲ್ಲಿ ಬ್ರೇಕು ಕಾದು ದ್ರವ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ. ದ್ರವದಂತಲ್ಲದೆ ಆವಿ ಕುಗ್ಗುವುದರಿಂದ ಪೆಡಲ್ ನೆಲಕ್ಕೆ ತಾಗುತ್ತದೆ. ಅದೇ ತೇವ ಉಕ್ಕಿನ ಪೈಪನ್ನೂ ಸಿಲಿಂಡರನ್ನೂ ಒಳಗಿನಿಂದ ತಿನ್ನುತ್ತದೆ. ರಬ್ಬರ್ ಹೋಸುಗಳದ್ದು ಇನ್ನೊಂದು ಕಥೆ. ಹೊರಗೆ ಹೊಸದರಂತೆ ಕಂಡರೂ ಒಳಗೆ ಊದಿಕೊಂಡು ದಾರಿ ಕಟ್ಟಿರುತ್ತದೆ. ಕಾಲಿನ ಒತ್ತಡಕ್ಕೆ ದ್ರವ ಮುಂದಕ್ಕೆ ಹೋಗುತ್ತದೆ, ಕಾಲು ತೆಗೆದಾಗ ಹಿಂದಕ್ಕೆ ಬರುವುದಿಲ್ಲ, ಚಕ್ರ ಹಿಡಿದುಕೊಂಡೇ ಇರುತ್ತದೆ. ಜನ ಇದನ್ನು ಬೇರಿಂಗಿನ ದೋಷ ಎಂದುಕೊಂಡು ಬೇರಿಂಗ್ ಬದಲಿಸುತ್ತಾರೆ. ಇತಿಹಾಸ ತಿಳಿಯದ ಕಾರಿನಲ್ಲಿ ಹೋಸು, ಸಿಲಿಂಡರಿನ ರಬ್ಬರು, ದ್ರವ ಎಲ್ಲವನ್ನೂ ಹೊಸದಾಗಿ ಹಾಕಿಬಿಡಿ, ಚೌಕಾಸಿ ಬೇಡ. ಯಾವ ದ್ರವ ಎಂಬುದನ್ನು ಮಾತ್ರ ಕೈಪಿಡಿಯಲ್ಲಿ ನೋಡಿಯೇ ಹಾಕಿ. ಫ್ರಾನ್ಸಿನ ಸಿಟ್ರೊಯೆನ್ ಡಿಎಸ್ ಕಾರಿನ ನಂತರದ ಮಾದರಿಗಳು ಹಸಿರು ಬಣ್ಣದ ಮಿನರಲ್ ದ್ರವ ಬೇಡುತ್ತವೆ. ಅಲ್ಲಿ ಸಾಮಾನ್ಯ ಬ್ರೇಕ್ ದ್ರವ ಸುರಿದರೆ ಇಡೀ ವ್ಯವಸ್ಥೆಯ ರಬ್ಬರ್ ಸೀಲುಗಳು ಹಾಳಾಗುತ್ತವೆ.

ಹಳೆಯ ಬ್ರೇಕ್ ಲೈನಿಂಗಿನ ಪುಡಿಯಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಅದನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ಕಾರಿನ ಅಡಿಗೆ ಹೋಗುವಾಗ ಜಾಕನ್ನು ಎಂದಿಗೂ ನೆಚ್ಚಿಕೊಳ್ಳಬೇಡಿ. ಸ್ಟ್ಯಾಂಡ್ ಕೊಟ್ಟು, ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿ, ಆಮೇಲೆ ನುಗ್ಗಿ.

ಈಗ ಎಂಜಿನ್. ವರ್ಷಗಟ್ಟಲೆ ನಿಂತ ಕಾರಿಗೆ ಹೊಸ ಬ್ಯಾಟರಿ ಹಾಕಿ ಕೀಲಿ ತಿರುಗಿಸುವುದು ಅದನ್ನು ಹಾಳುಮಾಡಲು ಅತ್ಯಂತ ಸುಲಭದ ದಾರಿ. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು ಕಾಯಿರಿ. ಮರುದಿನ ಕ್ರ್ಯಾಂಕಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ತಿರುಗಿಸಿ. ತಿರುಗದಿದ್ದರೆ ಬಲ ಹಾಕಬೇಡಿ, ಮತ್ತೆ ಎಣ್ಣೆ ಬಿಟ್ಟು ಮತ್ತೆ ಕಾಯಿರಿ. ಎಂಜಿನ್ ಆಯಿಲ್ ಹೊಸದಾಗಲಿ. ಪ್ಲಗ್ ಇಲ್ಲದೆಯೇ ಸ್ಟಾರ್ಟರಿನಿಂದ ತಿರುಗಿಸಿ, ಆಯಿಲ್ ಒತ್ತಡದ ಮುಳ್ಳು ಏಳುವವರೆಗೂ ಕಿಡಿ ಕೊಡಬೇಡಿ. ಟ್ಯಾಂಕಿನ ಹಳೆಯ ಪೆಟ್ರೋಲ್ ಅಂಟಾಗಿ ಕಾರ್ಬುರೇಟರಿನ ಜೆಟ್ ಮುಚ್ಚಿರುತ್ತದೆ. ಅದನ್ನು ಖಾಲಿ ಮಾಡದೆ ಮುಂದುವರಿದರೆ ಶ್ರಮ ದಂಡ. ಇಂದಿನ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಹಳೆಯ ರಬ್ಬರನ್ನು ಮೆತ್ತಗಾಗಿಸುವುದರಿಂದ ಇಂಧನದ ಪೈಪುಗಳನ್ನೂ ಬದಲಿಸಿ. ಕಾದ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಸೀಸದ ಪೆಟ್ರೋಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ಇಂಧನ ಅಕಾಲದಲ್ಲಿ ಉರಿದು ಎಂಜಿನ್ನಿನಲ್ಲಿ ಏಳುವ ಬಡಿತದ ಸದ್ದು ನಿಲ್ಲುತ್ತದೆಂದು ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಕಂಡುಕೊಂಡದ್ದು 1921ರಲ್ಲಿ. ಕಾರುಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ. ಈ ನೂರು ವರ್ಷಗಳಲ್ಲಿ ಮನುಷ್ಯರ ರಕ್ತಕ್ಕೆ ಸೇರಿದ ವಿಷದ ಲೆಕ್ಕ ದೊಡ್ಡದು, ಹಾಗಾಗಿ ಅದಕ್ಕಾಗಿ ಹಳಹಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ಆ ಸೀಸ ವಾಲ್ವ್ ಕೂರುವ ಜಾಗಕ್ಕೆ ಒಂದು ತೆಳು ರಕ್ಷಣೆಯನ್ನೂ ಕೊಡುತ್ತಿತ್ತು ಎಂಬುದು ನಿಜ. ಅದಿಲ್ಲದೆ ಮೆದು ಕಬ್ಬಿಣದ ಸೀಟು ಸವೆದು ವಾಲ್ವ್ ಒಳಕ್ಕೆ ಇಳಿಯಬಹುದು. ಅದಕ್ಕಾಗಿ ಇಂದೇ ಹೆಡ್, ಅಂದರೆ ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗವನ್ನು, ಬಿಚ್ಚಬೇಕಾಗಿಲ್ಲ. ವಾಲ್ವಿನ ಸಂದನ್ನು ಆಗಾಗ ಅಳೆಯಿರಿ. ಸರಿಹೊಂದಿಸಿದ ಮೇಲೂ ಅದು ಮತ್ತೆ ಮತ್ತೆ ಕಿರಿದಾಗುತ್ತಿದ್ದರೆ ಸೀಟು ಸವೆಯುತ್ತಿದೆ ಎಂದರ್ಥ. ಹೇಗಿದ್ದರೂ ಹೆಡ್ ಬಿಚ್ಚುವ ದಿನ ಬಂದಾಗ ಗಟ್ಟಿ ಲೋಹದ ಸೀಟು ಹಾಕಿಸಿದರೆ ಆಯಿತು.

ವೈರಿಂಗ್ ವಿಷಯದಲ್ಲಿ ಒಂದೆರಡು ಎಚ್ಚರಿಕೆ. ಹಲವು ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಜೋಡಣೆಯಾಗಿರುತ್ತದೆ. ಅದನ್ನು ನೋಡದೆ ಎಲೆಕ್ಟ್ರಾನಿಕ್ ಸಾಧನ ಜೋಡಿಸಿದರೆ ಅದು ಅಲ್ಲೇ ಸುಟ್ಟುಹೋಗುತ್ತದೆ. ಬಟ್ಟೆ ಸುತ್ತಿದ ರಬ್ಬರ್ ವೈರು ಮುರಿಮುರಿಯಾಗಿದ್ದರೆ ಟೇಪು ಸುತ್ತಿ ತೃಪ್ತಿಪಡಬೇಡಿ, ಹೊಸ ವೈರು ಎಳೆಯಿರಿ. ಆ ಕಾಲದ ಕಾರುಗಳಿಗೆ ಫ್ಯೂಸುಗಳು ಎರಡೋ ನಾಲ್ಕೋ, ಅಷ್ಟೇ. ಒಂದಿಷ್ಟು ಹೆಚ್ಚು ಫ್ಯೂಸು, ಬ್ಯಾಟರಿ ಕಡಿತಗೊಳಿಸುವ ಒಂದು ಸ್ವಿಚ್ಚು ಹಾಕಿದರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ಸ್ಪ್ಯಾನರುಗಳ ಗೊಂದಲವಂತೂ ಮುಗಿಯುವಂಥದ್ದಲ್ಲ. ಎಂಜಿ ಟಿಸಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಎಂಜಿನ್ನಿನಲ್ಲಿ ಬೋಲ್ಟಿನ ತಲೆ ಬ್ರಿಟಿಷ್ ವಿಟ್‌ವರ್ತ್ ಅಳತೆಯದು, ಅದರ ಮರೆಗಳು, ಅಂದರೆ ತಿರುಪಿನ ಸುತ್ತುಗಳು, ಮೆಟ್ರಿಕ್. ಸರಿಯಾದ ಸ್ಪ್ಯಾನರ್ ಹಿಡಿದು ತಪ್ಪು ಬೋಲ್ಟನ್ನು ತಿರುಗಿಸಿ ಮರೆ ಕೆಡಿಸಿದವರು ಎಷ್ಟಿದ್ದಾರೋ.

ಬೆಸುಗೆಯನ್ನು ಕಲಿಯಬಹುದು. ತೆಳು ತಗಡಿಗೆ ಉದ್ದಕ್ಕೆ ಬೆಸೆಯದೆ, ಅಲ್ಲೊಂದು ಇಲ್ಲೊಂದು ಚುಕ್ಕಿ ಇಟ್ಟು, ಆರಲು ಬಿಟ್ಟು ಮುಂದುವರಿದರೆ ತಗಡು ಸೊಟ್ಟಗಾಗುವುದಿಲ್ಲ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಜಾಗವನ್ನು ಮಾತ್ರ ಬೆಸೆಯಬೇಡಿ, ಆ ಶಾಖಕ್ಕೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಬಣ್ಣವನ್ನು ಹೊರಗೆ ಕೊಡಿ. ಇಂದಿನ ಎರಡು ದ್ರಾವಣ ಬೆರೆಸುವ ಬಣ್ಣಗಳಲ್ಲಿ ಐಸೊಸಯನೇಟ್ ಇರುತ್ತದೆ. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡವಿಲ್ಲದೆ ಅದನ್ನು ಸಿಂಪಡಿಸುವುದು ಶ್ವಾಸಕೋಶದ ಜೊತೆ ಆಡುವ ಜೂಜು.

ಇಷ್ಟೆಲ್ಲ ಆದ ಮೇಲೆ, ಕಾರನ್ನು ಮಾರ್ಪಡಿಸಬಹುದೇ? ಹಳೆಯ ಕಾರಿನ ಒಂದು ನಟ್ಟನ್ನೂ ಬದಲಿಸಬಾರದು ಎನ್ನುವವರಿದ್ದಾರೆ. ನಾನು ಆ ಪಂಗಡದವನಲ್ಲ. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಒಪ್ಪಿಕೊಂಡಿರುವ ಟುರಿನ್ ಸನ್ನದು ಕೂಡ ಅಗತ್ಯದ ಬದಲಾವಣೆಯನ್ನು ಪೂರ್ತಿ ನಿಷೇಧಿಸುವುದಿಲ್ಲ. ಅದು ಹಿಂದಕ್ಕೆ ತರಬಹುದಾದ ಬದಲಾವಣೆ ಆಗಿರಲಿ, ತೆಗೆದ ಮೂಲ ಭಾಗವನ್ನು ಜೋಪಾನವಾಗಿಡಿ ಎನ್ನುತ್ತದೆ. ನನಗೆ ಇದು ಒಪ್ಪಿಗೆ. ಮೂಲ ರಂಧ್ರಗಳಿಗೇ ಬೋಲ್ಟು ಬೀಳುವ ಭಾಗವಾದರೆ ಹಾಕಿ. ಬಾಡಿಯನ್ನು ಕತ್ತರಿಸಿ, ಕೊರೆದು ಹಾಕಬೇಕಾದರೆ ಎರಡು ಸಲ ಯೋಚಿಸಿ.

ಶಕ್ತಿ ಹೆಚ್ಚಿಸುವ ಆಸೆಯುಳ್ಳವರು ಮಿನಿಯನ್ನು ನೋಡಬೇಕು. ಅಲೆಕ್ ಇಸಿಗೋನಿಸ್ ರೂಪಿಸಿದ 1959ರ ಮಿನಿಗೆ 848 ಸಿಸಿ ಎಂಜಿನ್ ಇತ್ತು. ರೇಸ್ ಕಾರುಗಳ ತಯಾರಕ ಜಾನ್ ಕೂಪರ್ ಸಲಹೆಯಂತೆ 1961ರಲ್ಲಿ ಬಂದ ಮಿನಿ ಕೂಪರ್‌ನಲ್ಲಿ ಅದು 997 ಸಿಸಿ ಆಯಿತು, ಶಕ್ತಿ 34ರಿಂದ 55 ಅಶ್ವಶಕ್ತಿಗೆ ಏರಿತು. ಅದೇ ಕಾರಿಗೆ ಮುಂದಿನ ಚಕ್ರಗಳಲ್ಲಿ ಡಿಸ್ಕ್ ಬ್ರೇಕು ಕೂಡ ಬಂತು. ಕಾರ್ಖಾನೆಯೇ ಶಕ್ತಿಯ ಜೊತೆಗೆ ಬ್ರೇಕನ್ನೂ ಬದಲಿಸಿತು. ಮನೆಯಲ್ಲಿ ಮಾಡುವವರು ಜೋಡಿ ಕಾರ್ಬುರೇಟರ್ ಹಾಕಿ, ಡ್ರಮ್ ಬ್ರೇಕನ್ನು ಹಾಗೇ ಬಿಟ್ಟು ಹೆದ್ದಾರಿಗೆ ಇಳಿಯುತ್ತಾರೆ.

ನಾನು ಧೈರ್ಯವಾಗಿ ಶಿಫಾರಸು ಮಾಡುವ ಬದಲಾವಣೆಗಳು ಹೊರಗೆ ಕಾಣುವಂಥವಲ್ಲ. ಒಂದು ಕಡೆ ಸೋರಿದರೂ ಇನ್ನೊಂದು ಜೋಡಿ ಚಕ್ರಕ್ಕೆ ಬ್ರೇಕ್ ಉಳಿಯುವಂಥ ಇಬ್ಭಾಗದ ಮಾಸ್ಟರ್ ಸಿಲಿಂಡರ್. ಕಿಡಿಯ ಸಮಯ ನಿಗದಿಪಡಿಸುವ ಹಳೆಯ ಪಾಯಿಂಟ್‌ಗಳ ಬದಲು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಒಳಗೇ ಕೂರುವ ಎಲೆಕ್ಟ್ರಾನಿಕ್ ಇಗ್ನಿಷನ್. ಹೆಡ್‌ಲೈಟಿನ ಕರೆಂಟಿನ ಹೊರೆಯನ್ನು ಹಳೆಯ ಸ್ವಿಚ್ಚಿನಿಂದ ತಪ್ಪಿಸುವ ರಿಲೇ. ವೋಲ್ವೊ ಸಂಸ್ಥೆಯ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿ, ಆ ಸಂಸ್ಥೆ ಇತರ ತಯಾರಕರಿಗೂ ಬಳಸಲು ಬಿಟ್ಟುಕೊಟ್ಟ ಮೂರು ಬಿಂದುಗಳ ಸೀಟ್ ಬೆಲ್ಟ್. ಬೆಲ್ಟಿನ ಬೋಲ್ಟು ಹಾಯುವ ತಗಡಿಗೆ ಹಿಂದಿನಿಂದ ದಪ್ಪ ಉಕ್ಕಿನ ಫಲಕದ ಆಸರೆ ಬೇಕು; ತುಕ್ಕು ಹಿಡಿದ ನೆಲಕ್ಕೆ ಬಿಗಿದ ಬೆಲ್ಟು ಅಲಂಕಾರಕ್ಕೆ ಮಾತ್ರ. ರೇಡಿಯಲ್ ಟೈರು ಹಾಕುವುದಾದರೆ ನಾಲ್ಕಕ್ಕೂ ಹಾಕಿ, ಹಳೆಯ ಕ್ರಾಸ್‌ಪ್ಲೈ ಜೊತೆ ಬೆರೆಸಬೇಡಿ.

ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುವುದು, ಮಡ್‌ಗಾರ್ಡಿನಿಂದ ಹೊರಚಾಚುವ ಅಗಲ ಚಕ್ರ ತೊಡಿಸುವುದು ನನಗೆ ಹಿಡಿಸದ ಕೆಲಸಗಳು. ಚಕ್ರ ಹೊರಗೆ ಸರಿದಷ್ಟೂ ಬೇರಿಂಗಿನ ಮೇಲಿನ ಹೊರೆ ಹೆಚ್ಚುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ. ವಿದ್ಯುತ್ ಮೋಟಾರು ಕೂರಿಸುವುದು ಈಚಿನ ಹುರುಪು. ಅದು ಚೆನ್ನಾಗಿಯೇ ಓಡೀತು, ಆದರೆ ಬ್ಯಾಟರಿಯ ತೂಕ ಎಲ್ಲಿ ಕೂರುತ್ತದೆ, ಹಳೆಯ ಸಸ್ಪೆನ್ಷನ್ ಅದನ್ನು ಹೊರುತ್ತದೆಯೇ ಎಂಬುದನ್ನು ಎಂಜಿನಿಯರ್ ಒಬ್ಬರು ಲೆಕ್ಕ ಹಾಕಲಿ, ಅಂದಾಜಿಗೆ ಬಿಡಬೇಡಿ. ಇಂಥ ದೊಡ್ಡ ಬದಲಾವಣೆಗೆ ನೋಂದಣಿ ಕಚೇರಿಯ ಒಪ್ಪಿಗೆ, ವಿಮೆಯವರಿಗೆ ತಿಳಿವಳಿಕೆ ಎರಡನ್ನೂ ಮೊದಲೇ ಮುಗಿಸಿಕೊಳ್ಳಿ.

ಮೊದಲ ಓಡಾಟಕ್ಕೆ ಹೊರಟಾಗ ಬೆಂಕಿ ನಂದಿಸುವ ಸಿಲಿಂಡರ್ ಜೊತೆಗಿರಲಿ. ಕೆಲವು ಕಿಲೋಮೀಟರ್ ಆದ ಮೇಲೆ ಬ್ರೇಕ್ ಒತ್ತದೆ ಕಾರು ತಾನಾಗಿ ನಿಲ್ಲಲು ಬಿಟ್ಟು, ನಾಲ್ಕೂ ಚಕ್ರಗಳ ನಡುವಿಗೆ ಕೈ ಹತ್ತಿರ ತಂದು ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿಯಿದ್ದರೆ ಅಲ್ಲಿ ಬ್ರೇಕು ಹಿಡಿಯುತ್ತಿದೆ, ಇಲ್ಲವೇ ಬೇರಿಂಗ್ ಬಿಗಿಯಾಗಿದೆ. ಮನೆಗೆ ಮರಳಿ ಕಾರು ತಣಿದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿದು, ಅಡಿಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಬಿದ್ದ ಕಲೆಗಳ ಜಾಗ ನೋಡಿದರೆ ಮುಂದಿನ ವಾರ ಯಾವ ಭಾಗಕ್ಕೆ ಕೈಹಾಕಬೇಕೆಂಬುದು ಗೊತ್ತಾಗುತ್ತದೆ.

ನಮಸ್ಕಾರ.