ಪಾಪದ ಕುದುರೆ ಮತ್ತು ಎರಡು ಸುತ್ತು ಹಗ್ಗ

ನಮಸ್ಕಾರ. ಬಂಡಿಯಿಂದ ಐದು ಮೊಳ, ಕುದುರೆಯಿಂದ ಹತ್ತು ಮೊಳ ದೂರವಿರಬೇಕೆಂದು ಹಳೆಯ ಸುಭಾಷಿತವೊಂದು ಹೇಳುತ್ತದೆ. ದಾರಿಹೋಕರಿಗೆ ಅದು ಸರಿಯಾದ ಮಾತೇ. ಆದರೆ ಮೈ ತಿಕ್ಕುವ, ಗೊರಸು ಕೆರೆಯುವ, ಜೀನು ಬಿಗಿಯುವ ನಾವು ಹತ್ತು ಮೊಳ ದೂರ ನಿಂತು ಏನನ್ನೂ ಮಾಡಲಾರೆವು. ನಿಜವಾದ ಕೇಡು ಇರುವುದು ಕುದುರೆಯ ಹಿಂಬದಿಯಿಂದ ಮೂರು ನಾಲ್ಕು ಮೊಳದ ಅಂತರದಲ್ಲಿ. ಅಲ್ಲಿ ನಿಂತವನಿಗೆ ಒದೆತ ತನ್ನ ಪೂರ್ಣ ಬಲದಿಂದ ತಗುಲುತ್ತದೆ. ಆದ್ದರಿಂದಲೇ ಪಳಗಿದ ಸಾಯಿಸರು (ಲಾಯದಲ್ಲಿ ಕುದುರೆ ನೋಡಿಕೊಳ್ಳುವವರು) ಆಚೆ ಬದಿಗೆ ಹೋಗಬೇಕಾದಾಗ ಒಂದೋ ಸಾಕಷ್ಟು ದೂರದಿಂದ ಬಳಸಿ ಹೋಗುತ್ತಾರೆ, ಇಲ್ಲವೇ ಬೆನ್ನಿನ ಮೇಲೆ ಕೈಯಿಟ್ಟು, ಮಾತನಾಡಿಸುತ್ತ, ಮೈಗೆ ಮೈ ತಾಗುವಷ್ಟು ಹತ್ತಿರದಿಂದ ದಾಟುತ್ತಾರೆ. ಹೊಸಬರು ನಡೆಯುವುದು ಇವೆರಡರ ನಡುವೆ.

ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಸುತ್ತಲಿನ ಸುಮಾರು 350 ಡಿಗ್ರಿಯಷ್ಟು ನೋಟ ಸಿಗುತ್ತದೆ. ಕಾಣದೆ ಉಳಿಯುವುದು ಬಾಲದ ನೇರ ಹಿಂದಿನ ಜಾಗ ಮತ್ತು ಹಣೆಯ ನೇರ ಮುಂದಿನ ಚಿಕ್ಕ ಜಾಗ. ನಾವು ಮುದ್ದು ಮಾಡಲು ಎದುರಿನಿಂದ ಥಟ್ಟನೆ ಕೈ ಚಾಚುವುದು ಸರಿಯಾಗಿ ಅಲ್ಲಿಗೇ. ಭುಜದ ಕಡೆಯಿಂದ, ದನಿ ಕೇಳಿಸುತ್ತ ಹೋಗಿ, ಮೊದಲು ಕತ್ತನ್ನು ಮುಟ್ಟುವುದು ಲೇಸು.

ನನ್ನ ತಕರಾರು ಇರುವುದು ತುಂಟ ಕುದುರೆಗಳ ಬಗ್ಗೆ ಅಲ್ಲ, ಅವುಗಳ ಹತ್ತಿರ ಎಲ್ಲರೂ ಎಚ್ಚರವಾಗಿರುತ್ತಾರೆ; ‘ಪಾಪದ್ದು, ಏನೂ ಮಾಡೋದಿಲ್ಲ’ ಎನ್ನಿಸಿಕೊಂಡ ಕುದುರೆಯ ಬಗ್ಗೆ. ನಾನು ಸವಾರಿ ಕಲಿಯುತ್ತಿದ್ದ ಕಡೆ ಅಂಥದ್ದೊಂದು ಹೆಣ್ಣು ಕುದುರೆ ಇತ್ತು, ಮಕ್ಕಳನ್ನು ಕೂರಿಸುತ್ತಿದ್ದುದೇ ಅದರ ಮೇಲೆ. ಒಂದು ಸಂಜೆ ಅದನ್ನು ಲಾಯಕ್ಕೆ ಕರೆದೊಯ್ಯುವಾಗ ಹಗ್ಗವನ್ನು ಎಡಗೈಗೆ ಎರಡು ಸುತ್ತು ಸುತ್ತಿಕೊಂಡು, ಬಲಗೈಯಲ್ಲಿ ಫೋನ್ ನೋಡುತ್ತಿದ್ದೆ. ನಿಲ್ಲಿಸಿದ್ದ ಸ್ಕೂಟರಿನ ಹೊದಿಕೆ ಗಾಳಿಗೆ ಪಟಪಟನೆ ಬಡಿಯಿತು. ಕುದುರೆ ಓಡಿದ್ದು ನಾಲ್ಕೈದು ಹೆಜ್ಜೆ ಮಾತ್ರ. ಆದರೆ ನಾನೂರು ಕಿಲೋಗೂ ಮಿಕ್ಕ ಮೈ ಎಳೆದಾಗ ಆ ಎರಡು ಸುತ್ತು ಬಿಗಿದು, ನಾನು ನೆಲಕ್ಕೆ ಬಿದ್ದು, ಎರಡು ಬೆರಳುಗಳ ಚರ್ಮ ಸುಲಿದುಹೋಯಿತು. ಓಡಿಬಂದ ಸಾಯಿಸ್ ಕೈ ನೋಡುವ ಮುನ್ನ ಹಗ್ಗ ನೋಡಿ, “ಮಡಚಿ ಮಧ್ಯಕ್ಕೆ ಹಿಡೀರಿ ಅಂತ ಎಷ್ಟು ಸಲ ಹೇಳ್ಲಿ ಸಾರ್?” ಎಂದ. ಹೇಳಿದ್ದು ನಿಜ. ಮಡಚಿದ ಹಗ್ಗ ಬೆರಳು ಬಿಟ್ಟ ಕ್ಷಣ ಜಾರಿಹೋಗುತ್ತದೆ, ಸುತ್ತಿದ್ದು ಹೋಗುವುದಿಲ್ಲ.

ಮೈಸೂರಿನಲ್ಲಿ ದಸರೆಗೆ ಮುನ್ನ ಆನೆಗಳ ಜೊತೆಗೆ ಪೊಲೀಸ್ ಅಶ್ವಾರೋಹಿ ದಳದ ಕುದುರೆಗಳಿಗೂ ಫಿರಂಗಿ ಸಿಡಿಸಿ ತಾಲೀಮು ಕೊಡುತ್ತಾರೆ. ಬೆದರುವುದು ಕುದುರೆಯ ಹುಟ್ಟುಗುಣವೆಂದು ಒಪ್ಪಿಕೊಂಡವರ ಕೆಲಸ ಅದು. ಆದರೂ ಫಿರಂಗಿಗೆ ಒಗ್ಗಿದ ಕುದುರೆ ಹಾರುವ ಪ್ಲಾಸ್ಟಿಕ್ ಚೀಲಕ್ಕೂ ಒಗ್ಗಿದೆಯೆಂದು ಯಾರೂ ಭರವಸೆ ಕೊಡಲಾರರು.

ಉಳಿದ ಅಭ್ಯಾಸಗಳೂ ಇದೇ ಜಾತಿಯವು. ಹವಾಯಿ ಚಪ್ಪಲಿಯಲ್ಲಿ ಲಾಯಕ್ಕೆ ಹೋಗುವುದು, ಗೊರಸಿನ ಬಳಿ ಮಂಡಿಯೂರಿ ಕೂರುವುದು (ಮಂಡಿಯೂರಿದವನು ಬೇಗ ಏಳಲಾರ, ಕುಕ್ಕರಗಾಲಿನಲ್ಲಿ ಕೂತವನು ಏಳಬಲ್ಲ), ಅಲುಗಾಡುವ ಗೇಟಿಗೆ ಕುದುರೆ ಕಟ್ಟುವುದು, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳದ ಗಂಟು ಹಾಕುವುದು. ಹೆಲ್ಮೆಟ್ಟಿಲ್ಲದ ಸವಾರಿಯ ಬಗ್ಗೆ ನಾನು ವಾದಕ್ಕೇ ಇಳಿಯುವುದಿಲ್ಲ.

ಆ ಸಂಜೆ ಗಾಯ ತೊಳೆದು ಆಸ್ಪತ್ರೆಗೆ ಹೋದಾಗ ವೈದ್ಯರು ಮೊದಲು ಕೇಳಿದ್ದು ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ತೆಗೆದುಕೊಂಡಿದ್ದೆ ಎಂದು. ಆ ರೋಗಾಣು ಕುದುರೆಯ ಲದ್ದಿಯಲ್ಲೂ ಲಾಯದ ಮಣ್ಣಿನಲ್ಲೂ ಇರುತ್ತದೆ. ಎರಡು ವರ್ಷ ದಿನವೂ ಲಾಯದಲ್ಲಿ ಓಡಾಡಿದವನು ನಾನು, ಉತ್ತರ ನೆನಪಾಗಲಿಲ್ಲ.