ಹಗಲು ನಿದ್ದೆ: ತೊಟ್ಟಿಲಿಂದ ಛತ್ರದ ತನಕ

ಬೆಳಗ್ಗೆ 6:30. 6 ತಿಂಗಳ ಕೂಸು ಎದ್ದು ಕಾಲು ಬಡಿಯೋಕೆ ಶುರು ಮಾಡಿದೆ. ಇವತ್ತು 11 ಗಂಟೆಗೆ ಮದುವೆ ಮುಹೂರ್ತ, ಛತ್ರಕ್ಕೆ ಹೋಗಬೇಕು. ಹಾಗಾದ್ರೆ ಇದರ ನಿದ್ದೆ?

ಲೆಕ್ಕ ಶುರುವಾಗೋದು ಎದ್ದ ಈ ಗಳಿಗೆಯಿಂದ. "ದಿನಾ ಹತ್ತಕ್ಕೆ ಮಲಗಿಸ್ತೀವಿ" ಅಂತ ಗೋಡೆ ಗಡಿಯಾರ ನೋಡ್ತಾ ಕೂತ್ರೆ ಮಗು ಒಪ್ಪಲ್ಲ. ಅದು ಎದ್ದು ಎಷ್ಟು ಹೊತ್ತಾಯ್ತು ಅನ್ನೋದನ್ನ ನೋಡಿ. ಹಸುಗೂಸು 45 ನಿಮಿಷದಿಂದ ಒಂದು ಗಂಟೆ ಎಚ್ಚರ ಇದ್ರೆ ಸುಸ್ತು, ಹಾಲು ಕುಡಿಯೋ ಹೊತ್ತೂ ಅದರಲ್ಲೇ ಸೇರಿತು. 3-4 ತಿಂಗಳಿಗೆ ಒಂದೂವರೆ ಗಂಟೆ ಆಸುಪಾಸು, 6 ತಿಂಗಳಿಗೆ 2ರಿಂದ ಎರಡೂವರೆ, 9 ತಿಂಗಳಿಗೆ 3. ಮಗುವಿಂದ ಮಗುವಿಗೆ ಅರ್ಧ ಗಂಟೆ ಆಚೀಚೆ ಆಗುತ್ತೆ. ಬೆಳಗಿನ ಮೊದಲ ಎಚ್ಚರ ಸಾಮಾನ್ಯವಾಗಿ ಚಿಕ್ಕದು, ಸಂಜೆಯದು ಉದ್ದ.

ಗಡಿಯಾರಕ್ಕಿಂತ ಮುಖ ಚೆನ್ನಾಗಿ ಹೇಳುತ್ತೆ. ಆಟಿಕೆ ಬಿಟ್ಟು ಎಲ್ಲೋ ನೆಟ್ಟ ನೋಟ, ಹುಬ್ಬಿನ ಹತ್ರ ಕೆಂಪು, ಕಿವಿ ಎಳ್ಕೊಳ್ಳೋದು: ಇಷ್ಟು ಕಂಡ್ರೆ ಎತ್ತಿಕೊಂಡು ಒಳಗೆ ಹೋಗಿ. ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಕಿರುಚೋಕೆ ಶುರುವಾದ್ರೆ ಹೊತ್ತು ಮೀರಿದೆ ಅಂತಲೇ. "ನಿದ್ದೆ ಎಲ್ಲಿ ಬಂದಿದೆ, ನೋಡು ಹೇಗೆ ಕುಣೀತಿದೆ" ಅಂತ ಮನೆಯಲ್ಲಿ ಯಾರಾದ್ರೂ ಅಂದೇ ಅಂತಾರೆ. ಎಷ್ಟೋ ಸಲ ಆ ಕುಣಿತವೇ ದಣಿವು.

ಕೋಣೆ ಮಬ್ಬಾಗಿದ್ರೆ ಸಾಕು. ಪೂರ್ತಿ ನಿಶ್ಶಬ್ದ ಬೇಕಿಲ್ಲ. ಮಗುವನ್ನ ಎಬ್ಬಿಸೋದು ಸದ್ದಿಗಿಂತ ಹೆಚ್ಚಾಗಿ ದಿಢೀರನೆ ಬರೋ ಸದ್ದು. ಕುಕ್ಕರ್ ಸೀಟಿ, ಕಾಲಿಂಗ್ ಬೆಲ್. ಒಂದೇ ಸಮ ತಿರುಗೋ ಫ್ಯಾನ್ ಸದ್ದು ಇವನ್ನ ಸ್ವಲ್ಪ ಮುಚ್ಚಿಹಾಕುತ್ತೆ. ಫೋನಲ್ಲಿ ಮಳೆ ಸದ್ದು ಹಾಕೋರು ಫೋನನ್ನ ತೊಟ್ಟಿಲಿಂದ 2 ಮೀಟರ್ ಆಚೆ ಇಡಿ, ಸದ್ದು ಸಣ್ಣಗಿರಲಿ. ಸಾಂಬ್ರಾಣಿ ಹೊಗೆ ಬೇಡ, ಎಳೇ ಶ್ವಾಸಕೋಶಕ್ಕೆ ಅದು ಆಗಲ್ಲ.

ಈಗ ಎಲ್ಲರೂ ಸೋಲೋ ಜಾಗಕ್ಕೆ ಬರೋಣ. ತೋಳಲ್ಲಿ ಗಾಢ ನಿದ್ದೆ, ಹಾಸಿಗೆಗೆ ಇಟ್ಟ ತಕ್ಷಣ ಪಿಳಿಪಿಳಿ ಕಣ್ಣು. ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೋಡಾ ತಂಡ 2022ರಲ್ಲಿ ಇದನ್ನ ಕೂಸುಗಳ ಎದೆಬಡಿತ ಅಳೆದು ನೋಡಿತು. ಮಗು ಎಚ್ಚರವಾಗೋಕೆ ಶುರುವಾಗೋದು ಬೆನ್ನು ಹಾಸಿಗೆಗೆ ತಾಗಿದಾಗ ಅಲ್ಲ, ಅದಕ್ಕೂ ಮೊದಲು, ಅಮ್ಮನ ಮೈಯಿಂದ ಬೇರೆಯಾಗೋ ಹೊತ್ತಲ್ಲಿ. ಅವರು ಹೇಳಿದ ಕ್ರಮ ಸುಲಭ: ಅಳೋ ಮಗುವನ್ನ ಎದೆಗೆ ಒತ್ತಿಕೊಂಡು 5 ನಿಮಿಷ ಒಂದೇ ಸಮ ನಡೀರಿ, ನಡುವೆ ಗಕ್ಕನೆ ನಿಲ್ಲಬೇಡಿ. ನಿದ್ದೆ ಹತ್ತಿದ ಮೇಲೆ ಎತ್ತಿಕೊಂಡೇ 5ರಿಂದ 8 ನಿಮಿಷ ಕೂತಿರಿ, ಆಮೇಲೆ ಇಳಿಸಿ. ಇಳಿಸುವಾಗ ನಿಮ್ಮ ಎದೆಯೂ ಜೊತೆಗೇ ಬಾಗಲಿ. ಮೊದಲು ಪಿರ್ರೆ, ಆಮೇಲೆ ಬೆನ್ನು, ಕೊನೆಗೆ ತಲೆ. ಮಗುವಿನ ಎದೆ ಮೇಲಿನ ನಿಮ್ಮ ಕೈ ಒಂದೆರಡು ನಿಮಿಷ ಅಲ್ಲೇ ಇರಲಿ.

ಮಲಗಿಸೋದು ಅಂಗಾತ, ಗಟ್ಟಿ ಚಪ್ಪಟೆ ಹಾಸಿಗೆ ಮೇಲೆ. ತಲೆ ಗುಂಡಗಾಗಲಿ ಅಂತ ಇಡೋ ಸಾಸಿವೆ ದಿಂಬು, ಸುತ್ತ ಒತ್ತೋ ದಿಂಬು, ಸಡಿಲ ರಗ್ಗು ಯಾವುದೂ ಬೇಡ. ಉಸಿರು ಕಟ್ಟಿಸೋ ವಸ್ತುಗಳು ಇವೇ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತೋ ಅಭ್ಯಾಸ ಮಗು ಮಗುಚೋಕೆ ಪ್ರಯತ್ನ ಪಟ್ಟ ದಿನಕ್ಕೇ ನಿಲ್ಲಲಿ. ಸೀರೆ ಜೋಲಿ ವಿಷಯ ಕೇಳೋರು ತುಂಬ. ಜೋಲಿಯಲ್ಲಿ ಬೆನ್ನು ಬಾಗುತ್ತೆ, ಗದ್ದ ಎದೆಗೆ ಒತ್ತುತ್ತೆ, ಬಟ್ಟೆ ಮುಖದ ಮೇಲೆ ಕೂಡಿಕೊಳ್ಳುತ್ತೆ. ಮೇಲೆ ಅಡ್ಡ ಕೋಲು ಸಿಕ್ಕಿಸಿದ್ರೆ ಬಟ್ಟೆ ಅಗಲವಾಗುತ್ತೆ ನಿಜ, ಆದ್ರೆ ಬೆನ್ನಿನ ಬಾಗು ಹೋಗಲ್ಲ. ತೂಗಿ ನಿದ್ದೆ ಹತ್ತಿಸೋಕಷ್ಟೇ ಇಟ್ಕೊಳ್ಳಿ, ಅದೂ ಪಕ್ಕದಲ್ಲೇ ಕಣ್ಣಿಟ್ಟು. ನಿದ್ದೆ ಬಂದ ಮೇಲೆ ಹಾಸಿಗೆಗೆ ಹಾಕಿ.

40 ನಿಮಿಷಕ್ಕೇ ಎದ್ದುಬಿಡುತ್ತಾ? ಮಗುವಿನ ನಿದ್ದೆಯ ಒಂದು ಸುತ್ತು ಹೆಚ್ಚುಕಡಿಮೆ ಅಷ್ಟೇ. 5-6 ತಿಂಗಳ ತನಕ ಇದು ತೊಂದರೆಯೇ ಅಲ್ಲ. ಆಮೇಲೂ ಹಾಗೇ ಆದ್ರೆ, ತೂಗೋದನ್ನ ಕಣ್ಣು ಪೂರ್ತಿ ಮುಚ್ಚೋ ಮೊದಲೇ ನಿಧಾನ ಮಾಡ್ತಾ ಬನ್ನಿ. ತೂಗುವಾಗ ಮಲಗಿದ್ದು, ಸುತ್ತು ಮುಗಿದಾಗ ಆ ತೂಗು ಕಾಣದೇ ಅಳುತ್ತೆ, ಅಷ್ಟೇ. ಕುಂಯ್ ಅಂದ ಕೂಡಲೇ ಎತ್ತಬೇಡಿ, ಒಂದೆರಡು ನಿಮಿಷ ಕಾಯಿರಿ.

ಸರಿ, ಮದುವೆಗೆ ಹೊರಡೋಣ. 6:30ಕ್ಕೆ ಎದ್ದ ಮಗುವಿಗೆ 8:30ಕ್ಕೆ ನಿದ್ದೆ. ಕಾರು ಹೊರಡೋದೂ ಆಗಲೇ ಆಗಲಿ, ದಾರಿಯೇ ಮೊದಲ ನಿದ್ದೆ. ಮಡಿಲಲ್ಲಿ ಬೇಡ, ಹಿಂದಿನ ಸೀಟಲ್ಲಿ ಮಗುವಿನ ಮುಖ ಹಿಂದಕ್ಕಿರೋ ಹಾಗೆ ಕಟ್ಟಿದ ಕಾರ್ ಸೀಟ್, ಪಟ್ಟಿ ಬಿಗಿಯಾಗಿ. ತಲುಪಿದ ಮೇಲೂ ನಿದ್ದೆಯಲ್ಲಿದ್ರೆ ಸೀಟ್ ಸಮೇತ ಒಳಗೆ ಒಯ್ದು ಬಿಡಬೇಡಿ, ತಲೆ ಮುಂದಕ್ಕೆ ವಾಲಿದ್ರೆ ಉಸಿರುದಾರಿ ಮಡಚುತ್ತೆ. ಎತ್ತಿ ಚಪ್ಪಟೆ ಜಾಗದಲ್ಲಿ ಮಲಗಿಸಿ.

ಬೇಬಿ ಕ್ಯಾರಿಯರ್‌ನಲ್ಲಿ ಹಾಕ್ಕೊಂಡ್ರೆ ಗದ್ದಕ್ಕೂ ಎದೆಗೂ ನಡುವೆ ಎರಡು ಬೆರಳು ಹಿಡಿಸೋ ಜಾಗ ಇರಲಿ, ಬಗ್ಗಿದ್ರೆ ನೆತ್ತಿಗೆ ಮುತ್ತು ಕೊಡೋ ಎತ್ತರ, ಮೂಗು ಕಾಣ್ತಿರಲಿ. ಮುಖದ ಮೇಲೆ ಸೆರಗು ಎಳೀಬೇಡಿ. ಜರಿ ಚುಚ್ಚುತ್ತೆ, ಹೆಗಲಿಗೆ ಕಾಟನ್ ಬಟ್ಟೆ ಹಾಕ್ಕೊಳ್ಳಿ. ಸ್ಟ್ರಾಲರ್ ಮೇಲೆ ತೆಳು ಬಟ್ಟೆ ಹೊದಿಸೋದೂ ತಪ್ಪು. ಗಾಳಿ ನಿಂತು ಒಳಗೆ ಬಿಸಿ ಬೇಗ ಏರುತ್ತೆ.

9:15ಕ್ಕೆ ಎದ್ದ್ರೆ 11:30ರ ತನಕ ನಗುಮುಖ, ಧಾರೆ ಮುಗಿಯುತ್ತೆ. ಗಟ್ಟಿಮೇಳದ ಹೊತ್ತಿಗೆ ಡೋಲು, ಸ್ಪೀಕರ್‌ಗಳಿಂದ ದೂರ ನಿಲ್ಲಿ. ಎಲ್ಲರೂ ಮೊದಲ ಪಂಕ್ತಿಗೆ ಓಡಿದಾಗ ರೂಮು ಖಾಲಿ, ಎರಡನೇ ನಿದ್ದೆಗೆ ಅದಕ್ಕಿಂತ ಒಳ್ಳೆ ಹೊತ್ತಿಲ್ಲ. ಮಂಚದ ಮೇಲೆ ಬೇಡ, ಉರುಳುತ್ತೆ. ನೆಲಕ್ಕೆ ಚಾಪೆ, ಅದರ ಮೇಲೆ ಮನೆಯಿಂದ ತಂದ, ಒಗೆಯದ ಹಾಸುಬಟ್ಟೆ ಬಿಗಿಯಾಗಿ ಹಾಸಿ. ಗುರುತಿನ ವಾಸನೆಗೆ ಮಗು ಬೇಗ ಒಗ್ಗುತ್ತೆ. ಕತ್ತಿನ ಸರ, ಕಪ್ಪು ದಾರ ತೆಗೆದಿಡಿ. ಒಬ್ಬರು ಪಕ್ಕದಲ್ಲೇ ಇರಲಿ, ಊಟ ಎರಡನೇ ಪಂಕ್ತಿಗಾಗುತ್ತೆ. "ಕೊಡಿಲ್ಲಿ ಕೂಸನ್ನ" ಅಂತ ಬರೋರಿಗೆ, "ಅತ್ತೆ, ಒಂದು ಗಂಟೆ ಬಿಟ್ಟು ನಿಮ್ಮ ಮಡಿಲಿಗೇ ಹಾಕ್ತೀನಿ" ಅಂದ್ರೆ ಯಾರೂ ಮುನಿಸ್ಕೊಳ್ಳಲ್ಲ.

ಈ ನಿದ್ದೆ ಕೆಟ್ಟು 20 ನಿಮಿಷಕ್ಕೇ ಎದ್ದ್ರೆ ಮುಂದಿನ ಎಚ್ಚರ ಅರ್ಧ ಗಂಟೆ ಕಡಿಮೆ ಮಾಡಿ, ರಾತ್ರಿ ಅರ್ಧ ಗಂಟೆ ಮೊದಲೇ ಮಲಗಿಸಿ. ಸಂಜೆ ಕಾರಲ್ಲಿ ಮತ್ತೆ ಕಣ್ಣು ಮುಚ್ಚುತ್ತೆ, ಆದ್ರೆ 5 ಗಂಟೆ ದಾಟಿ ಹೆಚ್ಚು ಎಳೆಯೋದು ಬೇಡ. ಹೊರಡೋದೇ ತಡವಾದ್ರೆ ಛತ್ರದಲ್ಲೇ ಡೈಪರ್ ಬದಲಿಸಿ, ಜರಿ ಲಂಗ ತೆಗೆದು ಕಾಟನ್ ಅಂಗಿ ಹಾಕಿ, ಹಾಲು ಕುಡಿಸಿಬಿಡಿ. ಮನೆ ಬಾಗಿಲಲ್ಲಿ ಸೀಟಿಂದ ಎತ್ತಿ, ದೀಪ ಹಾಕದೇ ನೇರ ಹಾಸಿಗೆಗೆ.